ಹೋಂಸ್ಟೇ ಅಂಗಳದ ಮೇಲೆ ಡ್ರೋನ್ ಬಂದು ನಿಲ್ಲುತ್ತದೆ, ಕಾನೂನು ಮೀರದೆ ಏನು ಮಾಡಬಹುದು?

ಪಡುಕೆರೆ ಹೋಂಸ್ಟೇ:

ನಮಸ್ಕಾರ ಎಲ್ಲರಿಗೂ. ಮಲ್ಪೆಯಿಂದ ಸೇತುವೆ ದಾಟಿ ಬಂದರೆ ಪಡುಕೆರೆಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಉಂಟು, ನಾಲ್ಕೇ ರೂಮು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ತೆಂಗಿನ ಮರಗಳು. ಮೇಲಿಂದ ತೆಗೆದರೆ ಚಂದ ಕಾಣುತ್ತದೆ ಅಂತ ನನಗೂ ಗೊತ್ತು. ಮಳೆಗಾಲ ಮುಗಿದು ನವರಾತ್ರಿ ಕಳೆದ ಮೇಲೆ ವಾರಕ್ಕೆ ಎರಡು ಮೂರು ಸಲ ಡ್ರೋನ್ ಬರುತ್ತದೆ. ಸಮುದ್ರದ ಮೇಲೆ ಹೋಗುವವರ ಬಗ್ಗೆ ನನ್ನದು ಏನೂ ತಕರಾರಿಲ್ಲ. ನಮ್ಮ ಅಂಗಳದ ಮೇಲೆ ಬಂದು ನಿಲ್ಲುವವರದ್ದೇ ತೊಂದರೆ.

ನೀರಲ್ಲಿ ಆಡಿ ಬಂದವರು ಹೊಯಿಗೆ ತೊಳೆದುಕೊಳ್ಳಲಿ ಅಂತ ಬಾವಿಯ ಪಕ್ಕ ಒಂದು ಬಚ್ಚಲು ಕಟ್ಟಿಸಿದ್ದೇವೆ. ಸುತ್ತ ಗೋಡೆ, ಬಾಗಿಲು ಎಲ್ಲ ಉಂಟು, ಮಾಡು (ಛಾವಣಿ) ಇಲ್ಲ. ಹೋದ ಭಾನುವಾರ ಬೆಂಗಳೂರಿನಿಂದ ಬಂದ ಒಬ್ಬರು ತಮ್ಮ ಸಣ್ಣ ಮಗಳಿಗೆ ಅಲ್ಲಿ ಸ್ನಾನ ಮಾಡಿಸುತ್ತಿದ್ದರು. ತೆಂಗಿನ ಮರದ ತಲೆಗಿಂತ ಸ್ವಲ್ಪ ಮೇಲೆ, ಸರಿಯಾಗಿ ಬಚ್ಚಲ ನೆತ್ತಿಗೆ ಡ್ರೋನ್ ಬಂದು ನಿಂತಿತು. ಒಂದು ನಿಮಿಷ ಇರಬಹುದು. ಅವರು ಟವೆಲ್ ಸುತ್ತಿಕೊಂಡು ಮಗುವನ್ನು ಎತ್ತಿಕೊಂಡು ಒಳಗೆ ಓಡಿದರು. ಆ ತಾಯಿಯ ಮುಖ ಇನ್ನೂ ನನ್ನ ಕಣ್ಣ ಮುಂದೆಯೇ ಉಂಟು. ಎರಡು ದಿನಕ್ಕೆ ಬುಕ್ ಮಾಡಿದವರು ಅವತ್ತು ಸಂಜೆಯೇ ಹೊರಟರು. ಹಣ ಇಟ್ಟುಕೊಳ್ಳಲಿಕ್ಕೆ ಮನಸ್ಸಾಗಲಿಲ್ಲ, ಪೂರ್ತಿ ವಾಪಸ್ ಕೊಟ್ಟೆ.

ನನ್ನ ತಮ್ಮ ಬೀಸುಬಲೆ ಹಿಡಿದು ಟೆರೇಸಿನ ಮೇಲೆ ಕೂರುತ್ತೇನೆ ಅನ್ನುತ್ತಿದ್ದಾನೆ. ಇನ್ನೊಬ್ಬರು ಜಾಮರ್ ತರಿಸು ಅಂದರು. ನನಗೆ ಜಗಳವೂ ಬೇಡ, ನಮ್ಮ ಮೇಲೆಯೇ ಕೇಸು ಬೀಳುವುದೂ ಬೇಡ. ಆದರೆ ಸುಮ್ನೆ ಕೂರಲಿಕ್ಕೂ ಆಗುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಬೆಳ್ಮಣ್ ತೋಟದಮನೆ:

ಓದಿ ಮೈ ಉರಿಯಿತು ಅಕ್ಕಾ. ಮಂಗ, ಹಂದಿಗೆ ಅಂತ ನಮ್ಮಲ್ಲಿ ಕೋವಿ ಉಂಟು. ನಮ್ಮ ಮನೆ ಮೇಲೆ ಹಾಗೆ ಬಂದು ನಿಂತಿದ್ದರೆ ಒಂದೇ ಈಡು. ನಮ್ಮ ಜಾಗ, ನಮ್ಮ ಆಕಾಶ, ಕೇಳಲಿಕ್ಕೆ ಯಾರು?

ಉಡುಪಿ ವಕೀಲೆ:

ಅಣ್ಣಾ, ಸಿಟ್ಟು ಬರುವುದು ಸಹಜ. ಆದರೆ ಅದನ್ನು ಮಾತ್ರ ಮಾಡಬೇಡಿ. ಕೋವಿಯ ಲೈಸೆನ್ಸ್ ಕೊಟ್ಟದ್ದು ಬೆಳೆ ಕಾಯಲಿಕ್ಕೆ. ಡ್ರೋನಿಗೆ ಹೊಡೆದರೆ ಲೈಸೆನ್ಸ್ ಹೋಗುತ್ತದೆ, ಮೇಲೆ ಕ್ರಿಮಿನಲ್ ಕೇಸೂ ಬರುತ್ತದೆ. ಈಡು ಎಲ್ಲಿ ಹೋಗಿ ಬೀಳುತ್ತದೆ ಅಂತ ಯಾರಿಗೆ ಗೊತ್ತು? ಬೀಸುಬಲೆ, ಕವಣೆ, ಕಲ್ಲು ಎಲ್ಲಕ್ಕೂ ಇದೇ ಮಾತು. ಬೇರೆಯವರ ವಸ್ತುವನ್ನು ಬೇಕೆಂದೇ ಹಾಳು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಬರುತ್ತದೆ. ಹಾನಿ 20 ಸಾವಿರದಿಂದ ಒಂದು ಲಕ್ಷದೊಳಗೆ ಇದ್ದರೆ ಎರಡು ವರ್ಷದವರೆಗೆ ಜೈಲು, ಲಕ್ಷ ದಾಟಿದರೆ ಐದು ವರ್ಷದವರೆಗೆ. ಒಳ್ಳೆಯ ಡ್ರೋನ್ ಎಲ್ಲ ಆ ಬೆಲೆಯವೇ. ತಪ್ಪು ಮಾಡಿದವನು ದೂರುದಾರ ಆಗುತ್ತಾನೆ, ನೀವು ಆರೋಪಿ ಆಗುತ್ತೀರಿ. ಇದು ಆಗಬಾರದು.

"ನಮ್ಮ ಆಕಾಶ" ಅನ್ನುವ ಮಾತಿಗೆ ಬರುತ್ತೇನೆ, ಜಾಸ್ತಿ ಜನ ಎಡವುವುದು ಅಲ್ಲೇ. ನೆಲ ನಮ್ಮದು ಅಂದ ಮಾತ್ರಕ್ಕೆ ಮೇಲಿನ ಆಕಾಶ ಪೂರ್ತಿ ನಮ್ಮದಲ್ಲ. 1934ರ ಏರ್‌ಕ್ರಾಫ್ಟ್ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಒಂದು ಮಾತಿತ್ತು: ಗಾಳಿ, ಹವೆ, ಸಂದರ್ಭ ಎಲ್ಲ ನೋಡಿ ನ್ಯಾಯ ಅನ್ನಿಸುವ ಎತ್ತರದಲ್ಲಿ ಹಾರಿದರೆ, ಬರೇ ಹಾರಿದ್ದಕ್ಕೆ ಅತಿಕ್ರಮಣ, ಉಪದ್ರವ ಅಂತ ಸಿವಿಲ್ ದಾವೆ ಹಾಕುವ ಹಾಗಿಲ್ಲ ಅಂತ. 2025ರ ಜನವರಿ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಆದರೆ ವಿಷಯ ಅರ್ಥ ಆಗಲಿಕ್ಕೆ ಆ ಹಳೇ ಮಾತೇ ಸಾಕು. 300 ಅಡಿ ಮೇಲೆ ದಾಟಿ ಹೋಗುವವನನ್ನು ನೀವು ತಡೆಯಲಿಕ್ಕೆ ಆಗುವುದಿಲ್ಲ. ಬಚ್ಚಲ ಮೇಲೆ 50 ಅಡಿಯಲ್ಲಿ ಬಂದು ನಿಲ್ಲುವವನಿಗೆ "ನ್ಯಾಯವಾದ ಎತ್ತರ" ಅನ್ನುವ ರಕ್ಷಣೆ ಸಿಗುವುದು ಕಷ್ಟ.

2021ರ ಆಗಸ್ಟ್ 25ಕ್ಕೆ ಬಂದ ಡ್ರೋನ್ ನಿಯಮಗಳಲ್ಲಿ ಹಸಿರು, ಹಳದಿ, ಕೆಂಪು ಅಂತ ಮೂರು ವಲಯ ಉಂಟು. ಹಸಿರಿನಲ್ಲಿ 400 ಅಡಿವರೆಗೆ, ಅಂದರೆ 120 ಮೀಟರ್‌ವರೆಗೆ, ಹಾರಿಸಲು ಬೇರೆ ಅನುಮತಿ ಬೇಡ. ಪಡುಕೆರೆ ಮಂಗಳೂರು ಏರ್‌ಪೋರ್ಟಿನಿಂದ ತುಂಬಾ ದೂರ. ಹಾಗಾಗಿ ಏರ್‌ಪೋರ್ಟಿನ ಲೆಕ್ಕದಲ್ಲಿ ನಿಮಗೆ ತಡೆ ಸಿಗುವುದಿಲ್ಲ. ಆದರೂ ಈ ವಲಯಗಳನ್ನು ತೋರಿಸುವ ಸರಕಾರದ ಡಿಜಿಟಲ್ ಸ್ಕೈ ಮ್ಯಾಪಿನಲ್ಲಿ ನಿಮ್ಮ ಜಾಗ ಒಮ್ಮೆ ನೋಡಿಕೊಳ್ಳಿ, ಯಾರು ಬೇಕಾದರೂ ನೋಡಬಹುದು. ಕೆಳಗಿನ ಜಾಗದ ಮಾಲೀಕರ ಒಪ್ಪಿಗೆ ಪಡೆದೇ ಹಾರಿಸಬೇಕು ಅಂತ ಆ ನಿಯಮಗಳಲ್ಲಿ ಇಲ್ಲ. ನನಗೆ ಇದು ದೊಡ್ಡ ಕೊರತೆ ಅನ್ನಿಸುತ್ತದೆ, ನಮ್ಮಂಥ ಒತ್ತೊತ್ತಾಗಿ ಮನೆ ಇರುವ ಊರಿಗೆ ಅದು ಬೇಕಿತ್ತು.

ಹಾಗಂತ ನಿಮ್ಮ ಕೈ ಖಾಲಿ ಅಲ್ಲ ಅಕ್ಕಾ. ಸ್ನಾನ ಮಾಡುವ ಹೆಂಗಸನ್ನು ಕದ್ದು ನೋಡಿದರೆ, ಚಿತ್ರ ತೆಗೆದರೆ ಸಂಹಿತೆಯ 77ನೇ ಸೆಕ್ಷನ್. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಗಂಡಸರು ಮಕ್ಕಳು ಅನ್ನದೆ ಯಾರದ್ದೇ ಆಗಲಿ, ಖಾಸಗಿ ಅಂಗದ ಚಿತ್ರ ತೆಗೆದರೆ ಐಟಿ ಕಾಯ್ದೆಯ 66ಇ ಉಂಟು, ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ. ಕೆಳಗೆ ಬಿದ್ದರೆ ಜೀವಕ್ಕೆ ಅಪಾಯ ಆಗುವ ಹಾಗೆ ಹಾರಿಸಿದರೆ ನ್ಯಾಯ ಸಂಹಿತೆಯ 125ನೇ ಸೆಕ್ಷನ್. ಡ್ರೋನ್ ನಿಯಮ ಮುರಿದದ್ದಕ್ಕೆ ಬೇರೆ ಒಂದು ಲಕ್ಷದವರೆಗೆ ದಂಡ. ಭಾನುವಾರ ಆದದ್ದು ಬರೇ ಉಪದ್ರವ ಅಲ್ಲ, ಅದು ಅಪರಾಧ ಆಗಿರುವ ಸಾಧ್ಯತೆ ಉಂಟು. ದೂರು ಕೊಡಿ.

ಕಾರ್ಕಳದ ಕ್ಯಾಮೆರಾ:

ನಾನು ಮದುವೆ, ಗೃಹಪ್ರವೇಶಕ್ಕೆ ಡ್ರೋನ್ ಹಾರಿಸುವವನು. ಅದೇ ಕೆಲಸದಲ್ಲಿ ಇರುವವನಾಗಿ ಮೊದಲು ಕ್ಷಮೆ ಕೇಳುತ್ತೇನೆ ಅಕ್ಕಾ. ಆ ಎತ್ತರದಲ್ಲಿ ಸಣ್ಣ ಡ್ರೋನಿನ ಕ್ಯಾಮೆರಾದಲ್ಲೂ ಮುಖ ಸ್ಪಷ್ಟ ಕಾಣುತ್ತದೆ. ಗೊತ್ತಿಲ್ಲದೆ ನಿಂತೆ ಅಂತ ಯಾರೂ ಹೇಳಲಿಕ್ಕೆ ಆಗುವುದಿಲ್ಲ.

ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಡ್ರೋನ್ ನೋಡುತ್ತಾ ನಿಲ್ಲಬೇಡಿ, ಅದನ್ನು ಹಾರಿಸುವವನನ್ನು ಹುಡುಕಿ. ಸಣ್ಣ ಡ್ರೋನಿನ ಬ್ಯಾಟರಿ ಅರ್ಧ ಗಂಟೆ ಸಿಕ್ಕಿದರೆ ಹೆಚ್ಚು. ತೆಂಗಿನ ಮರ ಅಡ್ಡ ಬಂದರೆ ಸಿಗ್ನಲ್ ಕಡಿಯುತ್ತದೆ. ಹಾಗಾಗಿ ನಾವು ಯಾವಾಗಲೂ ಬಯಲು ಜಾಗದಲ್ಲಿ ನಿಲ್ಲುತ್ತೇವೆ. ನಿಮ್ಮ ಕಡೆ ಆದರೆ ಸೇತುವೆ ಮೇಲೆ, ಬೀಚಿಗೆ ಇಳಿಯುವ ದಾರಿಯಲ್ಲಿ, ದೋಣಿ ಎಳೆದು ಹಾಕುವ ಜಾಗದಲ್ಲಿ. ಎಲ್ಲರೂ ಸಮುದ್ರ ನೋಡುವಾಗ ಒಬ್ಬ ಮಾತ್ರ ತಲೆ ತಗ್ಗಿಸಿ ಎರಡೂ ಕೈಯಲ್ಲಿ ರಿಮೋಟ್ ಹಿಡಿದಿರುತ್ತಾನೆ. ಅವನೂ ಕಾಣದಿದ್ದರೆ ಡ್ರೋನ್ ವಾಪಸ್ ಹೋಗುವ ದಿಕ್ಕು ನೋಡಿ. ಬ್ಯಾಟರಿ ಇಳಿದಾಗ ಅದು ಹೊರಟ ಜಾಗಕ್ಕೇ ಬಂದು ಇಳಿಯುತ್ತದೆ. ಒಬ್ಬರು ಅಂಗಳದಲ್ಲಿ ನಿಂತು ದಿಕ್ಕು ಹೇಳಲಿ, ಇನ್ನೊಬ್ಬರು ಬೈಕಿನಲ್ಲಿ ಹೋಗಲಿ.

ಸಿಕ್ಕಿದ ಮೇಲೆ ಮೆಲ್ಲ ಮಾತಾಡಿ. ಕೈಯಿಂದ ರಿಮೋಟ್ ಕಿತ್ತುಕೊಳ್ಳಬೇಡಿ, ಆಗ ಡ್ರೋನ್ ಜನರ ತಲೆ ಮೇಲೆ ಬಿದ್ದರೆ ಕಷ್ಟ. ಮೊದಲು ಇಳಿಸಲು ಬಿಡಿ. ಆಮೇಲೆ ಯುಐಎನ್ ನಂಬರ್ ಕೇಳಿ, ಅದು ಡ್ರೋನಿನ ನೋಂದಣಿ ನಂಬರ್. 250 ಗ್ರಾಂ ಒಳಗಿನದಾದರೆ ಪೈಲಟ್ ಸರ್ಟಿಫಿಕೇಟ್ ಬೇಡ, 2 ಕೆಜಿವರೆಗಿನದ್ದನ್ನು ಸುಮ್ನೆ ಹವ್ಯಾಸಕ್ಕೆ ಹಾರಿಸಿದರೂ ಬೇಡ. ಆದರೆ 250 ಗ್ರಾಂ ದಾಟಿದ ಡ್ರೋನನ್ನು ನಮ್ಮ ಹಾಗೆ ದುಡಿಮೆಗೆ ಹಾರಿಸುವವರಿಗೆ ಬೇಕೇ ಬೇಕು. ಕೇಳಿದ ಕೂಡಲೇ ಅರ್ಧ ಜನ ಜಾಗ ಖಾಲಿ ಮಾಡುತ್ತಾರೆ.

ಮಲ್ಪೆ ಐಸ್‌ಪ್ಲಾಂಟ್:

ಜಾಮರ್ ವಿಷಯ ನಾನು ಹೇಳುತ್ತೇನೆ, ಒಮ್ಮೆ ತರಿಸಲು ಹೊರಟು ನಿಲ್ಲಿಸಿದವನು ನಾನು. ಆನ್‌ಲೈನ್‌ನಲ್ಲಿ ಸಿಗುತ್ತದೆ ಅಂತ ತಂದು ಇಡುವ ವಸ್ತು ಅಲ್ಲ ಅದು. ಸರಕಾರದ ಅನುಮತಿ ಇಲ್ಲದೆ ಸಿಗ್ನಲ್ ಜಾಮರ್, ಜಿಪಿಎಸ್ ಬ್ಲಾಕರ್ ಬಳಸುವುದು ಕಾನೂನುಬಾಹಿರ. ಖಾಸಗಿಯವರು ಕೊಳ್ಳುವ ಹಾಗೂ ಇಲ್ಲ, ಮಾರುವ ಹಾಗೂ ಇಲ್ಲ ಅಂತ ದೂರಸಂಪರ್ಕ ಇಲಾಖೆ 2022ರಲ್ಲೇ ಸ್ಪಷ್ಟ ಹೇಳಿದೆ.

ಕಾನೂನು ಬದಿಗಿಟ್ಟೇ ಯೋಚಿಸಿ. ಡ್ರೋನ್ ಜಾಸ್ತಿ ಓಡುವುದು 2.4 ಮತ್ತು 5.8 ಗಿಗಾಹರ್ಟ್ಸ್‌ನಲ್ಲಿ, ನಮ್ಮ ವೈಫೈ ಕೂಡ ಅದರ ಆಸುಪಾಸಿನಲ್ಲೇ. ಅದನ್ನು ಜಾಮ್ ಮಾಡಿದರೆ ನಿಮ್ಮ ಗಿರಾಕಿಗಳ ಫೋನಿನ ವೈಫೈ, ನಿಮ್ಮ ಸಿಸಿಟಿವಿ ಮೊದಲು ಸಾಯುತ್ತದೆ. ಜಿಪಿಎಸ್ ಕೆಡಿಸಿದರೆ ಬಂದರಿಗೆ ಬರುವ ಬೋಟುಗಳ ಕಥೆ ಏನು? ಕತ್ತಲಲ್ಲಿ ಅಳಿವೆ ಬಾಗಿಲು ಹುಡುಕಿಕೊಂಡು ಬರುವವರು ಆ ಪರದೆ ನೋಡಿಕೊಂಡೇ ಬರುತ್ತಾರೆ ಮಾರಾಯ್ರೆ. ಒಂದು ಡ್ರೋನ್ ಓಡಿಸಲು ಹೋಗಿ ಬೋಟು ಬಂಡೆಗೆ ಹಾಕುವ ಕೆಲಸ ಬೇಡ. ಲೇಸರ್ ಲೈಟ್ ಕೂಡ ಬೇಡ, ಅದು ಎಲ್ಲಿಯೋ ಹಾರುವ ವಿಮಾನದ ಪೈಲಟ್ ಕಣ್ಣಿಗೆ ಹೊಡೆಯುತ್ತದೆ.

ಕಾವೂರು ನಿವಾಸಿ:

ಮಂಗಳೂರು ಕಡೆಯ ವ್ಯಾಪಾರಸ್ಥರು ಇದ್ದರೆ ಒಂದು ಮಾತು. ನಮ್ಮಲ್ಲಿ ಲೆಕ್ಕವೇ ಬೇರೆ. ಏರ್‌ಪೋರ್ಟಿನ ಬೇಲಿಯಿಂದ 8 ಕಿಲೋಮೀಟರ್ ಒಳಗೆ ನೆಲದಿಂದಲೇ ಹಳದಿ ವಲಯ. ಒಂದು ಅಡಿ ಎತ್ತರಕ್ಕೆ ಹಾರಿಸಲಿಕ್ಕೂ ಏರ್ ಟ್ರಾಫಿಕ್ ಕಂಟ್ರೋಲಿನ ಅನುಮತಿ ಬೇಕು. 8ರಿಂದ 12 ಕಿಲೋಮೀಟರ್ ನಡುವೆ 200 ಅಡಿವರೆಗೆ ಮಾತ್ರ ಹಸಿರು. ಕಾವೂರು, ಬಜ್ಪೆ, ಮರವೂರು ಕಡೆ ಹಾಲ್, ಶೋರೂಮ್ ಇರುವವರು ಡ್ರೋನ್ ಕಂಡರೆ ಹಿಂಜರಿಯದೆ 112ಕ್ಕೆ ಫೋನ್ ಮಾಡಿ. ಮದುವೆ ಹಾಲಿನವರು ಬುಕಿಂಗ್ ಪತ್ರದಲ್ಲೇ "ಅನುಮತಿ ಪತ್ರ ತೋರಿಸದೆ ಡ್ರೋನ್ ಇಲ್ಲ" ಅಂತ ಬರೆಸಿಬಿಡಿ.

ಕೆಂಜಾರು ಗುಡ್ಡದ ಮೇಲಿನ ಆ ಟೇಬಲ್‌ಟಾಪ್ ರನ್‌ವೇ ಎಷ್ಟು ಸೂಕ್ಷ್ಮ ಅಂತ ನಮ್ಮ ಊರಿಗೆ ಹೇಳಿ ಕೊಡಬೇಕಾ? 2010ರ ಮೇ 22ರ ಬೆಳಿಗ್ಗೆ ವಿಮಾನ ದುರಂತದಲ್ಲಿ 158 ಜನ ಹೋದರು. ಅದಕ್ಕೂ ಡ್ರೋನಿಗೂ ಸಂಬಂಧ ಇಲ್ಲ, ನನಗೆ ಗೊತ್ತು. ಆದರೆ ಆ ದಿನ ಹೊಗೆ ನೋಡಿದವನಿಗೆ ವಿಮಾನ ಇಳಿಯುವ ದಾರಿಯಲ್ಲಿ ಯಾರೋ ಆಟಕ್ಕೆ ಡ್ರೋನ್ ಬಿಟ್ಟರೆ ಎದೆ ಝಲ್ಲನ್ನುತ್ತದೆ.

ಹಿರಿಯಡ್ಕ ಗೇರುಬೀಜ:

ನಮ್ಮದು ಗೇರುಬೀಜದ ಫ್ಯಾಕ್ಟರಿ. ಕೆಲಸಕ್ಕೆ ಬರುವವರು ಹೆಚ್ಚಿನವರು ಹೆಂಗಸರು, ಮಧ್ಯಾಹ್ನ ಊಟ ಮಾಡಿ ಹಿತ್ತಲ ಮರದಡಿ ಸ್ವಲ್ಪ ಹೊತ್ತು ಅಡ್ಡ ಆಗುತ್ತಾರೆ. ಹೋದ ವರ್ಷ ಅದೇ ಹೊತ್ತಿಗೆ ಡ್ರೋನ್ ಬರಲಿಕ್ಕೆ ಶುರುವಾಯಿತು. ಅವರಿಗೆ ನೆಮ್ಮದಿಯಾಗಿ ಕೂರಲೂ ಆಗದ ಹಾಗಾಯಿತು. ನನ್ನ ಇನ್ನೊಂದು ಹೆದರಿಕೆ ಬೆಂಕಿಯದ್ದು. ಬೀಜದ ಸಿಪ್ಪೆಯಲ್ಲಿ ಎಣ್ಣೆ ಇರುತ್ತದೆ, ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ. ಡ್ರೋನಿನ ಲಿಥಿಯಂ ಬ್ಯಾಟರಿ ಅದರ ಮೇಲೆ ಬಿದ್ದು ಒಡೆದರೆ ಏನಾದೀತು ಅಂತ ಯೋಚಿಸಿ ನಿದ್ದೆ ಬರುತ್ತಿರಲಿಲ್ಲ. ಹೊಡೆದು ಬೀಳಿಸುತ್ತೇವೆ ಅನ್ನುವವರು ಅದು ಎಲ್ಲಿ ಬೀಳುತ್ತದೆ ಅಂತಲೂ ಯೋಚಿಸಿ.

ನಾವು ಮಾಡಿದ್ದು ಇಷ್ಟು. ಗೇಟಿನ ವಾಚ್‌ಮನ್ನಿಗೆ ಒಂದು ನೋಟ್‌ಬುಕ್ ಕೊಟ್ಟೆವು. ತಾರೀಕು, ಬಂದ ಹೊತ್ತು, ಹೋದ ಹೊತ್ತು, ಯಾವ ದಿಕ್ಕಿನಿಂದ ಬಂತು, ಎಷ್ಟು ಹೊತ್ತು ನಿಂತಿತು. ಫೋನಿನಲ್ಲಿ ವಿಡಿಯೋ ತೆಗೆಯುವಾಗ ಬರೇ ಆಕಾಶ ತೆಗೆಯಬೇಡ, ಚಿಮಿಣಿಯೋ ತೆಂಗಿನ ಮರವೋ ಜೊತೆಗೆ ಬರಲಿ ಅಂತ ಹೇಳಿದೆವು. ಇಲ್ಲದಿದ್ದರೆ ಎತ್ತರ ಎಷ್ಟು ಅಂತ ಯಾರಿಗೂ ತೋರಿಸಲಿಕ್ಕೆ ಆಗುವುದಿಲ್ಲ. ಎರಡು ವಾರದಲ್ಲಿ ವಿಷಯ ಗೊತ್ತಾಯಿತು. ಪಕ್ಕದ ಗುಡ್ಡೆಯಲ್ಲಿ ಲೇಔಟ್ ಮಾಡುವವರು ಸೈಟ್ ಮಾರಲು ವಿಡಿಯೋ ತೆಗೆಸುತ್ತಿದ್ದರು. ತಿರುಗುವಾಗ ಪ್ರತಿ ಸಲ ನಮ್ಮ ಹಿತ್ತಲ ಮೇಲಿಂದ ತಿರುಗಿಸುತ್ತಿದ್ದರು. ನೋಟ್‌ಬುಕ್ ಹಿಡಿದುಕೊಂಡು ಹೋಗಿ ತೋರಿಸಿದೆ. ಪಾಪ, ಅವರಿಗೆ ಅಲ್ಲಿ ಹೆಂಗಸರು ಮಲಗುತ್ತಾರೆ ಅಂತ ಗೊತ್ತೇ ಇರಲಿಲ್ಲ. ಈಗ ಅವರು ಮೊದಲು ಫೋನ್ ಮಾಡುತ್ತಾರೆ, ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ತೆಗೆಯುತ್ತಾರೆ. ಯೂಟ್ಯೂಬಿಗೆ ಹಾಕಿದ ಒಂದು ವಿಡಿಯೋದಲ್ಲಿ ನಮ್ಮವರ ಮುಖ ಇತ್ತು, ಹೇಳಿದ ಮೇಲೆ ಅದನ್ನೂ ತೆಗೆದರು. ತೆಗೆಯದಿದ್ದರೆ ಯೂಟ್ಯೂಬಿನಲ್ಲೇ ಖಾಸಗಿತನದ ದೂರು ಕೊಡುವ ದಾರಿ ಉಂಟು.

ಪಡುಕೆರೆ ಹೋಂಸ್ಟೇ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮನಿಗೆ ಪೂರ್ತಿ ಓದಿಸಿದೆ, ಬೀಸುಬಲೆ ಒಳಗೆ ಹೋಯಿತು. ಇನ್ನೂ ಮೂರು ಸಂಶಯ ಉಂಟು. ಬೋರ್ಡ್ ಹಾಕಿದರೆ ಪ್ರಯೋಜನ ಆಗುತ್ತದಾ? ಡ್ರೋನ್ ತಾನಾಗಿಯೇ ನಮ್ಮ ಅಂಗಳದಲ್ಲಿ ಬಿದ್ದರೆ ಏನು ಮಾಡಬೇಕು? ಹಾರಿಸುವವನು ಸಿಕ್ಕಿದರೆ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಬಹುದಾ? ನೆರೆಯವರು ಹಾಕಿ ಹಾಕಿ ಅನ್ನುತ್ತಿದ್ದಾರೆ.

ಮಲ್ಪೆ ಐಸ್‌ಪ್ಲಾಂಟ್:

ಬೋರ್ಡಿನಿಂದ ಏನೂ ಆಗುವುದಿಲ್ಲ ಅಂತ ನನ್ನ ಅನುಭವ. ಡ್ರೋನ್ ಬೋರ್ಡ್ ಓದುತ್ತದಾ?

ಉಡುಪಿ ವಕೀಲೆ:

ಡ್ರೋನ್ ಓದುವುದಿಲ್ಲ, ಪೊಲೀಸರೂ ಕೋರ್ಟೂ ಓದುತ್ತಾರೆ ಸರ್. ಅದಕ್ಕೆ ಬೋರ್ಡ್ ಬೇಕು. ಆದರೆ "ಡ್ರೋನ್ ನಿಷೇಧಿತ ವಲಯ" ಅಂತ ಬರೆಸಬೇಡಿ, ವಲಯ ಮಾಡುವ ಅಧಿಕಾರ ನಮಗಿಲ್ಲ. ಕೆಂಪು ವಲಯ, ಅಂದರೆ ವಿಶೇಷ ಅನುಮತಿ ಇಲ್ಲದೆ ಹಾರಿಸಲೇಬಾರದ ಜಾಗ, ಮಾಡುವುದು ಕೇಂದ್ರ ಸರಕಾರ. ತುರ್ತು ಇದ್ದಾಗ ಎಸ್‌ಪಿ ದರ್ಜೆಗಿಂತ ಕಡಿಮೆ ಇಲ್ಲದ ಅಧಿಕಾರಿ ಒಮ್ಮೆಗೆ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು, ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವದ ಹಾಗೆ ಲಕ್ಷ ಜನ ಸೇರುವಾಗ ಉಪಯೋಗಕ್ಕೆ ಬರುವ ಅಧಿಕಾರ ಅದು. ಒಂದು ಹೋಂಸ್ಟೇಗೆ ಅಂತ ಸಿಗುವುದಿಲ್ಲ. ನಿಮ್ಮ ಅಧಿಕಾರ ನಿಮ್ಮ ನೆಲದ ಮೇಲೆ ಪೂರ್ತಿ ಉಂಟು. ಹಾಗಾಗಿ ಬೋರ್ಡಿನಲ್ಲಿ ಹೀಗೆ ಬರೆಸಿ: "ಈ ಜಾಗದಿಂದ ಡ್ರೋನ್ ಹಾರಿಸಬಾರದು, ಇಲ್ಲಿ ಇಳಿಸಬಾರದು. ಇಲ್ಲಿ ಸ್ನಾನದ ಜಾಗ ಇದೆ. ತಗ್ಗಿನಲ್ಲಿ ಬಂದು ಚಿತ್ರ ತೆಗೆದರೆ ಪೊಲೀಸರಿಗೆ ದೂರು ಕೊಡುತ್ತೇವೆ." ಬೀಚಿಗೆ ಇಳಿಯುವ ಕಡೆ ಕಾಣುವ ಹಾಗೆ ಇರಲಿ. ನಾಳೆ ಯಾರೂ ಗೊತ್ತಿರಲಿಲ್ಲ ಅನ್ನಬಾರದು. ನಿಮ್ಮಲ್ಲಿ ಉಳಿಯುವವರ ಬುಕಿಂಗ್ ಮೆಸೇಜಿನಲ್ಲೂ ಇದನ್ನು ಹಾಕಿ, ಗಿರಾಕಿಗಳೇ ಡ್ರೋನ್ ತಂದು ಹಾರಿಸುವುದೂ ಉಂಟು.

ಬಿದ್ದ ಡ್ರೋನ್ ನಿಮ್ಮದಲ್ಲ. ಇಟ್ಟುಕೊಳ್ಳಬೇಡಿ, ಒಡೆಯಬೇಡಿ, ಮೆಮೊರಿ ಕಾರ್ಡ್ ತೆಗೆದು ನೋಡಲೇಬೇಡಿ. ಬಿದ್ದಲ್ಲೇ ಫೋಟೋ ತೆಗೆದು, ಮಕ್ಕಳನ್ನು ದೂರ ಇಟ್ಟು, ಪೊಲೀಸರಿಗೆ ಹೇಳಿ. ಕಾರ್ಡಿನಲ್ಲಿ ಇರುವುದು ನಿಮಗೆ ಬೇಕಾದ ಸಾಕ್ಷಿ, ನೀವು ಮುಟ್ಟಿದರೆ ಅದರ ಬೆಲೆ ಹೋಗುತ್ತದೆ.

ವಾಟ್ಸಾಪ್ ಗ್ರೂಪಿಗೆ ಖಂಡಿತ ಬೇಡ. ಆಳು ತಪ್ಪಿದರೆ? ಬೀಚಿನಲ್ಲಿ ರಿಮೋಟ್ ಹಿಡಿದು ನಿಂತವನು ಬೇರೆಯೇ ಡ್ರೋನಿನವನು ಆಗಿದ್ದರೆ? ಫೋಟೋ, ಗಾಡಿ ನಂಬರ್ ಎಲ್ಲ ದೂರಿನ ಜೊತೆ ಕೊಡಿ, ಊರಿಗೆ ಕೊಡಬೇಡಿ. ದೂರು ಲಿಖಿತ ಇರಲಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿ ಇಟ್ಟುಕೊಳ್ಳಿ, ದೂರು ಬಂದಿದೆ ಅಂತ ಅವರು ಬರೆದು ಕೊಡುವ ಹಿಂಬರಹ ಕೇಳಿ. ಆ ತಾಯಿ ಒಪ್ಪಿದರೆ ಅವರ ಹೇಳಿಕೆ ಬೇಕಾಗುತ್ತದೆ. ಒತ್ತಾಯ ಮಾತ್ರ ಬೇಡ.

ಕಾರ್ಕಳದ ಕ್ಯಾಮೆರಾ:

ನಾನು ಒಂದು ಸೇರಿಸುತ್ತೇನೆ. ಬಚ್ಚಲಿಗೆ ಮಾಡು ಹಾಕಿ ಅಕ್ಕಾ, ಇವತ್ತೇ. ದೂರು, ಬೋರ್ಡು ಎಲ್ಲ ಆಗುವವರೆಗೆ ನಿಮ್ಮ ಗಿರಾಕಿಗಳು ಕಾಯಬಾರದು. ತೆಂಗಿನ ಮಡಲಿನ ಚಪ್ಪರ ಸಾಕು. ಇಲ್ಲದಿದ್ದರೆ ನರ್ಸರಿಗೆ ಕಟ್ಟುವ ಶೇಡ್ ನೆಟ್, ಗಾಳಿ ಬೆಳಕು ಬರುತ್ತದೆ, ಮೇಲಿಂದ ನಮಗೆ ಬರೇ ಬಣ್ಣ ಕಾಣುತ್ತದೆ. ಬಿಗಿಯಾಗಿ ಬಚ್ಚಲ ಗೋಡೆಗೇ ಕಟ್ಟಿ. ಮರದಿಂದ ಮರಕ್ಕೆ ನೈಲಾನ್ ನೂಲು ಎಳೆದು ಡ್ರೋನಿಗೆ ಉರುಳು ಹಾಕುವವರನ್ನು ನೋಡಿದ್ದೇನೆ, ಅದು ಬೇಡ. ಮಲ್ಪೆ ಸುತ್ತ ಮೀನಿಗೆ ಬರುವ ಗರುಡಗಳು ಎಷ್ಟು ಇವೆ, ರೆಕ್ಕೆ ಸಿಕ್ಕಿ ಸಾಯುತ್ತವೆ.

ನಮ್ಮ ಕಡೆ ಡ್ರೋನ್ ಇಟ್ಟುಕೊಂಡವರದ್ದು ಒಂದು ಗ್ರೂಪ್ ಉಂಟು. ನಿಮ್ಮ ಮನೆ ಎಲ್ಲಿ ಅಂತ ಹೇಳದೆ, ಪಡುಕೆರೆಯಲ್ಲಿ ಮನೆಗಳ ಮೇಲೆ ತಗ್ಗಿನಲ್ಲಿ ಬರಬೇಡಿ, ಸ್ನಾನದ ಜಾಗಗಳಿವೆ ಅಂತ ಹಾಕಲಾ? ಗೊತ್ತಿದ್ದೂ ಮಾಡುವವರು ಕೇಳಲಿಕ್ಕಿಲ್ಲ. ಗೊತ್ತಿಲ್ಲದೆ ಮಾಡುವವರು ನಿಲ್ಲಿಸುತ್ತಾರೆ.

ಬೆಳ್ಮಣ್ ತೋಟದಮನೆ:

ನಾನು ಕೋವಿ ಅಂದದ್ದು ವಾಪಸ್ ತೆಗೆದುಕೊಳ್ಳುತ್ತೇನೆ. ಮಡಲು ಬೇಕಾದರೆ ಹೇಳಿ ಅಕ್ಕಾ, ನಮ್ಮ ತೋಟದಲ್ಲಿ ಬೇಕಾದಷ್ಟು ಬಿದ್ದಿದೆ.

ಪಡುಕೆರೆ ಹೋಂಸ್ಟೇ:

ಗ್ರೂಪಿಗೆ ಹಾಕಿ ಅಣ್ಣಾ, ಹಾಗೆಯೇ ಹಾಕಿ.

ಇವತ್ತು ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆ. ಮೊದಲು ಡ್ರೋನ್ ಎಲ್ಲಿ, ಯಾರದ್ದು ಅಂತ ಕೇಳಿದರು. ಸಿಸಿಟಿವಿಯಲ್ಲಿ ಬಚ್ಚಲ ಗೋಡೆಯ ಹೊರಗಿನ ಭಾಗವೂ, ಅದರ ಮೇಲೆ ನಿಂತ ಡ್ರೋನೂ ಸಿಕ್ಕಿತ್ತು, ಪಕ್ಕದಲ್ಲಿ ತೆಂಗಿನ ಮರವೂ ಇತ್ತು. ಅದನ್ನು ನೋಡಿದ ಮೇಲೆ ಕುಳಿತುಕೊಳ್ಳಿ ಅಂದರು, ಬರೆದುಕೊಂಡರು. ಸೀಲು ಹಾಕಿದ ಪ್ರತಿ ನನ್ನ ಹತ್ತಿರ ಉಂಟು. ಬೆಂಗಳೂರಿನ ಅವರಿಗೂ ಫೋನ್ ಮಾಡಿದೆ. ಹೇಳಿಕೆ ಕೊಡುತ್ತೇನೆ ಅಂದರು, ಮಗಳ ಹೆಸರು ಎಲ್ಲೂ ಬರಬಾರದು ಅಂದರು. ಅದನ್ನೂ ಸ್ಟೇಷನ್ನಿನಲ್ಲಿ ಹೇಳಿದ್ದೇನೆ.

ಶೇಡ್ ನೆಟ್ ಉಡುಪಿಯಿಂದ ತಂದಾಯಿತು, ತಮ್ಮ ಕಟ್ಟುತ್ತಿದ್ದಾನೆ. ನಾಳೆ ಎರಡು ರೂಮಿಗೆ ಜನ ಇದ್ದಾರೆ. ಬೆಳ್ಮಣ್ಣಿನ ಅಣ್ಣ, ಮಡಲು ಬೇಕು. ನೆಟ್ಟಿನ ಮೇಲೆ ಒಂದು ಪದರ ಹಾಕಿದರೆ ಬಿಸಿಲೂ ಕಡಿಮೆ ಆಗುತ್ತದೆ. ಭಾನುವಾರ ಗಾಡಿ ಕಳಿಸುತ್ತೇನೆ.